ಸೊಟ್ಟ ಕೈಯ ವೃತ್ತಿಜೀವನ

ಕಳೆದ ವರ್ಷದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಸಿಡ್ನಿಯ ನಮ್ಮ ಸಬರ್ಬಿನ ಕನ್ನಡ ಬಳಗದವರು ನನ್ನನ್ನು ವೇದಿಕೆಗೆ ಕರೆದು, ತಲೆಗೆ ಮೈಸೂರು ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಒಂದು ಸೈಜು ದೊಡ್ಡದಾಗಿ ಹುಬ್ಬಿನ ಮೇಲೆ ಬಂದು ಕೂತಿತ್ತು. ಹಿಂದೆ ಬ್ಯಾನರಿನಲ್ಲಿ ನನ್ನದೇ ಫೋಟೋ. ಅದರ ಕೆಳಗೆ ‘ಆಸ್ಟ್ರೇಲಿಯಾದ ಮೊಟ್ಟಮೊದಲ ಪ್ರೊಫೆಷನಲ್ ಕನ್ನಡಿಗ ಬೇಸ್‌ಬಾಲ್ ಪಿಚರ್’ ಎಂದು ಅರಿಶಿನ, ಕೆಂಪು ಅಕ್ಷರಗಳು. ನಾನು ಮೊದಲನೆಯವನು ಹೌದೋ ಅಲ್ಲವೋ ಯಾರೂ ವಿಚಾರಿಸಿರಲಿಲ್ಲ. ನಮ್ಮಲ್ಲಿ ಎರಡನೆಯವರಿಗೆ ಶಾಲು ಹೊದಿಸುವ ಪದ್ಧತಿ ಇಲ್ಲ, ಹಾಗಾಗಿ ಶಾಲು ಬಂದವರೆಲ್ಲ ಮೊದಲಿಗರೇ. ಆದರೆ ಆ ಫೋಟೋ ನೋಡಿ ನನಗೇ ದಿಗಿಲಾಯಿತು. ಚೆಂಡೆಸೆಯುತ್ತಿರುವ ನನ್ನ ಬಲಗೈಯನ್ನು ಯಾವನೋ ಪುಣ್ಯಾತ್ಮ ಕಂಪ್ಯೂಟರಿನಲ್ಲಿ ತಿದ್ದಿ ಅಡಿಕೋಲಿನ ಹಾಗೆ ನೆಟ್ಟಗೆ ಮಾಡಿದ್ದ.

ಅವರ ಸಂಕಟ ಅವರಿಗೆ. ಅದಕ್ಕೆ ಎರಡು ವರ್ಷ ಮೊದಲು ಇದೇ ಬಳಗ, ಇದೇ ಮೊಣಕೈಗಾಗಿ, ನನ್ನನ್ನು ತನ್ನ ಕ್ರಿಕೆಟ್ ಟೀಮಿನಿಂದ ಹೊರಗೆ ಹಾಕಿತ್ತು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಕ್ರಿಕೆಟ್ಟಿನಲ್ಲಿ ಬೌಲರ್ ಮೊಣಕೈ ಮಡಚಿ ಚೆಂಡನ್ನು ಎಸೆದರೆ ಅದು ಮಹಾಪಾಪ. ನೋ ಬಾಲ್ ಕೊಡುತ್ತಾರೆ, ಮರ್ಯಾದೆ ಕಳೆಯುತ್ತಾರೆ. ಬೇಸ್‌ಬಾಲಿನಲ್ಲಿ ಪಿಚರ್ ಎನ್ನುವವನ ಕೆಲಸವೇ ಅದು. ಮಣ್ಣಿನ ದಿಬ್ಬದ ಮೇಲೆ ನಿಂತು, ಮೊಣಕೈ ಮಡಚಿ, ದೊಣ್ಣೆ ಹಿಡಿದವನ ಮುಂದೆ ಹಾದುಹೋಗುವಂತೆ ಶಕ್ತಿಯಿದ್ದಷ್ಟು ಜೋರಾಗಿ ಎಸೆಯಬೇಕು. ಒಂದು ಮನೆಯಲ್ಲಿ ಕಳ್ಳತನ ಅನ್ನಿಸಿಕೊಂಡದ್ದು ಪಕ್ಕದ ಮನೆಯಲ್ಲಿ ಕಸುಬು. ನಾನು ನಲವತ್ತು ವರ್ಷ ತಪ್ಪು ಮನೆಯಲ್ಲಿದ್ದೆ.

ದಿ ಪಾಂಡ್ಸ್ ಎಂಬ ಈ ಸಬರ್ಬಿನಲ್ಲಿ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಬಳಗದ ಕ್ರಿಕೆಟ್ ಭಾನುವಾರ ಭಾನುವಾರ ನಡೆಯುತ್ತದೆ. ಆಡುವವರು ಹನ್ನೊಂದು ಜನ, ಕಮಿಟಿಯಲ್ಲಿ ಹದಿನಾಲ್ಕು ಜನ. ಎಲ್ಲರೂ ಐಟಿಯವರು. ಆಫೀಸಿನಲ್ಲಿ ಯಾರೂ ಕೇಳದ ಮಾತನ್ನೆಲ್ಲ ಇಟ್ಟುಕೊಂಡು ಭಾನುವಾರ ಇಲ್ಲಿ ಬಂದು ಆಡುತ್ತಾರೆ. ನನ್ನ ಬೌಲಿಂಗಿಗೆ ಒಬ್ಬರು ಔಟಾದರು, ಇಬ್ಬರು ಔಟಾದರು, ಯಾರಿಗೂ ತೊಂದರೆ ಇರಲಿಲ್ಲ. ಒಂದು ದಿನ ಬಳಗದ ಅಧ್ಯಕ್ಷರೇ ಸೊನ್ನೆಗೆ ಔಟಾದರು. ಅಂದು ಸಂಜೆಯೇ ‘ಬೌಲಿಂಗ್ ಆ್ಯಕ್ಷನ್ ಸಬ್-ಕಮಿಟಿ’ ಹುಟ್ಟಿಕೊಂಡಿತು.

ಮುಂದಿನ ಭಾನುವಾರ ಮೂವರು ಮೂರು ಕಡೆಯಿಂದ ಫೋನಿನಲ್ಲಿ ನನ್ನ ಕೈಯ ಸ್ಲೋ ಮೋಷನ್ ವಿಡಿಯೋ ತೆಗೆದರು. ಅದರ ಮುಂದಿನ ಭಾನುವಾರ ಅಧ್ಯಕ್ಷರ ಗ್ಯಾರೇಜಿನಲ್ಲಿ ಪರದೆ ಕಟ್ಟಿ ಪ್ರೆಸೆಂಟೇಷನ್ ಮಾಡಿದರು. ಇಪ್ಪತ್ತಾರು ಸ್ಲೈಡು. ಹದಿನೈದು ಡಿಗ್ರಿಗಿಂತ ಮೊಣಕೈ ಬಿಚ್ಚಿಕೊಳ್ಳಬಾರದಂತೆ, ನನ್ನದು ಅದರ ದುಪ್ಪಟ್ಟಂತೆ. ಕೊನೆಯ ಸ್ಲೈಡಿನಲ್ಲಿ ನನ್ನ ಮೊಣಕೈ ದೊಡ್ಡದಾಗಿ, ಸುತ್ತ ಕೆಂಪು ಗೆರೆ. ಪಕ್ಕದಲ್ಲಿ ‘ಮುಂದಿನ ಕ್ರಮಗಳು’ ಅಂತ ಮೂರು ಸಾಲು.

‘ಪರ್ಸನಲ್ ಆಗಿ ತಗೋಬೇಡಿ ಸರ್,’ ಎಂದರು ಅಧ್ಯಕ್ಷರು. ‘ಇದು ಪ್ರೊಸೆಸ್ ಅಷ್ಟೆ.’

‘ನನ್ನ ಕೈ ಸಾರ್ ಅದು! ನನ್ನ ಕೈ ಪರ್ಸನಲ್ ಅಲ್ಲದೆ ಇನ್ನೇನು?’ ಎಂದೆ.

ಗ್ರೂಪಿನಲ್ಲಿ ಪೋಲ್ ಹಾಕಿದರು. ಹೊರಗೆ ಹಾಕಬೇಕು ಎಂದು ಹದಿಮೂರು ವೋಟು, ಬೇಡ ಎಂದು ಒಂದು. ಆ ಒಂದು ವೋಟು ನನ್ನದು.

ನನಗೆ ಎಷ್ಟು ಉರಿಯಿತೆಂದರೆ, ಕಿಟ್ ಬ್ಯಾಗಿನಿಂದ ಚೆಂಡು ತೆಗೆದುಕೊಂಡು ಮೈದಾನಕ್ಕೆ ಹೋಗಿ, ಪಕ್ಕದಲ್ಲಿದ್ದ ಎತ್ತರದ ತಂತಿ ಬಲೆಗೆ ಎಸೆಯತೊಡಗಿದೆ. ಬೈಯುತ್ತ ಎಸೆದೆ. ಮೊಣಕೈ ಇದ್ದಷ್ಟೂ ಮಡಚಿ ಎಸೆದೆ. ಆ ಬಲೆ ಬೇಸ್‌ಬಾಲ್ ಕ್ಲಬ್ಬಿನದು ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ‘ಮೇಟ್, ಅದನ್ನೇ ಇನ್ನೊಂದು ಸಲ ಮಾಡು’ ಎಂದರು. ತಿರುಗಿ ನೋಡಿದರೆ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ, ಚಪ್ಪಲಿ, ಚಡ್ಡಿ, ಬಾಯಲ್ಲಿ ಸೂರ್ಯಕಾಂತಿ ಬೀಜ. ರಿಟೈರಾದ ಪ್ಲಂಬರ್, ಈಗ ಕ್ಲಬ್ಬಿನ ಕೋಚ್. ನಾನು ಇನ್ನೊಂದು ಸಲ ಎಸೆದೆ. ಅಜ್ಜ ಸಿಪ್ಪೆ ಉಗಿದು, ‘ಈ ಕೈ ಇಷ್ಟು ದಿನ ಎಲ್ಲಿತ್ತು?’ ಎಂದು ಕೇಳಿದ.

ಹುಟ್ಟಿದಾಗಿನಿಂದ ನನ್ನ ಮೊಣಕೈಯನ್ನು ಯಾರೂ ಹೊಗಳಿರಲಿಲ್ಲ. ಕಣ್ಣು ತುಂಬಿ ಬಂತು. ಅಂದೇ ಕ್ಲಬ್ ಸೇರಿದೆ.

ನನ್ನ ಹೆಂಡತಿ ಹುಬ್ಬಳ್ಳಿಯವಳು. ಮದುವೆಯಾಗಿ ಹದಿನಾರು ವರ್ಷ, ಸಿಡ್ನಿಗೆ ಬಂದು ಹನ್ನೆರಡು ವರ್ಷ, ಅವಳ ಮಾತು ಮಾತ್ರ ಇನ್ನೂ ಹುಬ್ಬಳ್ಳಿ ಬಿಟ್ಟು ಹೊರಟಿಲ್ಲ. ಬಿಗಿಯಾದ ಬಿಳಿ ಪ್ಯಾಂಟು, ಮೊಣಕಾಲವರೆಗೆ ಎಳೆದ ಸಾಕ್ಸ್ ಹಾಕಿಕೊಂಡು ನಿಂತ ನನ್ನನ್ನು ನೋಡಿ, ‘ಏನ್ರೀ ಇದು ನಿಮ್ಮ ಅವತಾರ? ಬ್ಯಾಂಡ್ ಕಂಪನಿ ಸೇರೀರೇನು?’ ಎಂದಳು.

ಮೊದಲ ವರ್ಷ ಹೆಚ್ಚುಕಡಿಮೆ ಬೆಂಚು ಕಾಯ್ದೆ. ಬೆರಳೆರಡನ್ನು ಹೊಲಿಗೆಯ ಮೇಲೆ ಹೇಗಿಡಬೇಕು, ಚೆಂಡು ಕೊನೆಗಳಿಗೆಯಲ್ಲಿ ಕೆಳಗೆ ಬೀಳುವಂತೆ ಮಣಿಕಟ್ಟು ಹೇಗೆ ತಿರುಗಿಸಬೇಕು ಎಂದು ಅಜ್ಜ ಕಲಿಸಿದ. ಪ್ರತಿ ಆಟದ ನಂತರ ಮೊಣಕೈ ಊದಿಕೊಳ್ಳುತ್ತಿತ್ತು. ಅದಕ್ಕೆ ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ತಂದ ಹಿತಕಿದ ಅವರೆಕಾಳಿನ ಫ್ರೋಜನ್ ಪ್ಯಾಕೆಟ್ಟನ್ನು ಒತ್ತಿಟ್ಟುಕೊಳ್ಳುತ್ತಿದ್ದೆ. ನಾಲ್ಕು ಆಟಕ್ಕೆ ಕರಗಿ ಗಟ್ಟಿಯಾದ ಮೇಲೆ ಅದೇ ಕಾಳು ಸಾರಿಗೆ ಬೀಳುತ್ತಿತ್ತು. ಹೆಂಡತಿ ಅದಕ್ಕೆ ಮೊಣಕೈ ಸಾರು ಎಂದೇ ಹೆಸರಿಟ್ಟಿದ್ದಳು.

ಎರಡನೆಯ ವರ್ಷ ನಾನು ಪ್ರೊಫೆಷನಲ್ ಆದೆ. ಹೇಗೆಂದರೆ, ಆ ದಿನದ ಅತ್ಯುತ್ತಮ ಆಟಗಾರನಿಗೆ ಕ್ಲಬ್ಬಿನವರು ಮೀಟ್ ಟ್ರೇ ಕೊಡುತ್ತಾರೆ. ಕುರಿಯ ಚಾಪ್ಸು, ಸಾಸೇಜು, ದನದ ಮಾಂಸ ಎಲ್ಲ ಅಚ್ಚುಕಟ್ಟಾಗಿ ಜೋಡಿಸಿ ಪ್ಲಾಸ್ಟಿಕ್ ಸುತ್ತಿದ ತಟ್ಟೆ. ನಾನು ಈರುಳ್ಳಿಯನ್ನೇ ಏಕಾದಶಿಗೆ ಬಿಡುವ ಮನೆಯವನು. ಮೊದಲ ಸಂಬಳ ಕೈಗೆ ಬಂದಾಗ ಏನು ಮಾಡಬೇಕೋ ತಿಳಿಯದೆ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿ ನಿಂತಿದ್ದೆ. ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ತಂದು ಎದುರು ಮನೆಯವರಿಗೆ ಕೊಟ್ಟೆ. ಆಟ ಆಡಿದ್ದಕ್ಕೆ ಪ್ರತಿಫಲ ಸಿಗುತ್ತಿದೆ ಎಂಬ ಸುದ್ದಿ ಹೆಂಡತಿಯಿಂದ ಬಳಗದ ಹೆಂಗಸರಿಗೆ, ಅವರಿಂದ ಗಂಡಂದಿರಿಗೆ ಹೋಯಿತು. ಪ್ರತಿಫಲ ಏನು ಎನ್ನುವುದನ್ನು ಅವಳು ಹೇಳಲಿಲ್ಲ. ಮುಂದಿನ ತಿಂಗಳೇ ಪೇಟ, ಶಾಲು, ಬ್ಯಾನರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮೈಕು ಕೊಟ್ಟರು. ಮೈಕು ಸಿಕ್ಕ ಕನ್ನಡಿಗನಿಗೆ ಎರಡು ಮಾತು ಎಂದರೆ ಇಪ್ಪತ್ತು ನಿಮಿಷ. ನಾನು ನನ್ನ ಹಳೆಯ ಕಥೆ ತೆಗೆದೆ. ಇಪ್ಪತ್ತೆರಡು ವರ್ಷದ ಹಿಂದೆ ಮೈಸೂರಿನಲ್ಲಿ ಒಂದು ಫೈನಲ್ಲಿನಲ್ಲಿ ಒಬ್ಬ ಅಂಪೈರು ಹೊಟ್ಟೆಕಿಚ್ಚಿಗೆ ನನ್ನ ಸರಿಯಾದ ಬಾಲನ್ನು ನೋ ಬಾಲ್ ಕೊಟ್ಟ, ನನ್ನ ಕ್ರಿಕೆಟ್ ಅಲ್ಲಿಗೇ ಮಣ್ಣು ಪಾಲಾಯಿತು, ಆದರೆ ಪ್ರತಿಭೆಯನ್ನು ಯಾರೂ ತಡೆಯಲಾರರು ಎಂದೆ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸಬ್-ಕಮಿಟಿಯವರು. ವಿಡಿಯೋ ಊರೆಲ್ಲ ಸುತ್ತಿತು.

ಆ ಅಂಪೈರು ನನ್ನ ಸೋದರಮಾವ. ಅಮ್ಮನ ಒಬ್ಬನೇ ತಮ್ಮ. ಮತ್ತು ಆ ಬಾಲನ್ನು ನಾನು ಮಡಚಿಯೇ ಎಸೆದಿದ್ದೆ.

ಅದನ್ನು ಈಗ ಬರೆಯುವುದು ಸುಲಭ. ಆಗ ಮಾವ ಒಂದು ಆಫೀಸಿನಲ್ಲಿ ಗುಮಾಸ್ತರು, ವಾರದ ಕೊನೆಗೆ ಅಂಪೈರು. ಬಿಳಿ ಕೋಟನ್ನು ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು, ಅತ್ತೆಯ ಕೈಗೂ ಕೊಡುತ್ತಿರಲಿಲ್ಲ. ರಾಜ್ಯದ ಅಂಪೈರುಗಳ ಪರೀಕ್ಷೆಗೆ ಓದುತ್ತಿದ್ದರು. ನನ್ನ ಆಟಕ್ಕೆ ತಾವು ನಿಲ್ಲುವುದಿಲ್ಲ ಎಂದಿದ್ದರು, ಆದರೆ ಆ ಭಾನುವಾರ ಇನ್ನೊಬ್ಬ ಅಂಪೈರಿಗೆ ಜ್ವರ. ಕೊನೆಯ ಓವರು, ಎದುರಿನವರಿಗೆ ನಾಲ್ಕು ರನ್ ಬೇಕಿತ್ತು, ಅವರದು ಕೊನೆಯ ವಿಕೆಟ್ಟು. ನನ್ನ ಮಾಮೂಲಿ ಬಾಲಿಗೆ ಆ ಬ್ಯಾಟ್ಸ್‌ಮನ್ ಬಗ್ಗುವವನಲ್ಲ ಎಂದು ಗೊತ್ತಾಗಿ, ಬೇಕಂತಲೇ, ಮೊಣಕೈ ಮಡಚಿ ಬೀಸಿದೆ. ಮಧ್ಯದ ಸ್ಟಂಪು ಹಾರಿಹೋಯಿತು. ನಾವು ಕುಣಿಯತೊಡಗಿದ್ದೆವು. ಪಕ್ಕದಲ್ಲಿ ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ ಮಾವ ಕೈ ಅಡ್ಡ ಚಾಚಿ ‘ನೋ ಬಾಲ್’ ಎಂದರು. ಮುಂದಿನ ಬಾಲಿಗೆ ಫೋರ್ ಹೋಯಿತು.

ಮನೆಗೆ ಬಂದು ಅತ್ತುಬಿಟ್ಟೆ. ಇಪ್ಪತ್ತೊಂದು ವರ್ಷದ ಕೋಣ, ಅಡುಗೆಮನೆಯಲ್ಲಿ ನಿಂತು ಅತ್ತೆ. ‘ನಿಜ ಹೇಳು, ಎಸೆದೆಯಾ?’ ಎಂದು ಅಮ್ಮ ಕೇಳಿದಳು. ಇಲ್ಲ ಎಂದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾಗದೆ ಬಲಗೈಯನ್ನು ಅವಳ ತಲೆಯ ಮೇಲಿಟ್ಟು, ‘ನಿನ್ನಾಣೆಗೂ ಎಸೆದಿಲ್ಲಮ್ಮ’ ಎಂದೆ.

ನಮ್ಮ ಮನೆಯಲ್ಲಿ ಆಣೆ ಎಂದರೆ ಆಟವಲ್ಲ. ಸುಳ್ಳು ಆಣೆ ಇಟ್ಟರೆ ತಲೆ ಕೊಟ್ಟವರಿಗೆ ಕೆಡುಕಾಗುತ್ತದೆ ಎಂದು ನಂಬಿದವರು ನಾವು. ಅಂದು ರಾತ್ರಿಯಾಗುವ ಮೊದಲೇ ಮಾವ ಸಮಾಧಾನ ಮಾಡಲು ಬಂದರು. ಅಮ್ಮ ಬಾಗಿಲಲ್ಲೇ ತಡೆದಳು.

‘ನನ್ನ ಮಗ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದಾನೆ. ನೀನು ಹೋಗಿ ಕಣ್ಣು ತೋರಿಸ್ಕೊಂಡು ಬಾ ಹೋಗು.’

ಮಾವ ಅವಳ ಹೆಗಲ ಮೇಲಿಂದ ನನ್ನನ್ನು ಒಂದು ಸಲ ನೋಡಿ ಹೊರಟುಹೋದರು. ನಿಜವಾಗಿಯೂ ಆ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಕಣ್ಣು ಸರಿಯಾಗಿದೆ ಎಂದರಂತೆ. ಆದರೂ ಮಾವ ಪರೀಕ್ಷೆಗೆ ಕೂರಲಿಲ್ಲ, ಮತ್ತೆ ಕೋಟು ತೊಡಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ತವರಿನಿಂದ ಅಕ್ಕನಿಗೆ ಮೊರದ ಬಾಗಿನ ಕಳಿಸುತ್ತಿದ್ದರು. ಅಮ್ಮ ಪ್ರತಿ ಗೌರಿ ಹಬ್ಬಕ್ಕೂ ಅದನ್ನು ಮುಟ್ಟದೆ ವಾಪಸು ಕಳಿಸುತ್ತಿದ್ದಳು. ತವರು ಎಂದು ಅವಳಿಗೆ ಇದ್ದದ್ದು ಆ ಒಬ್ಬ ತಮ್ಮ.

ನಾನೋ, ಅಮ್ಮನಿಗೆ ನೆಗಡಿಯಾದರೂ ಇಲ್ಲಿ ಬೆವರುತ್ತಿದ್ದೆ. ಅವಳಿಗೆ ಬಿಪಿ ಬಂತು, ನನ್ನ ಆಣೆ. ಮಂಡಿ ನೋವು ಬಂತು, ನನ್ನ ಆಣೆ. ವರ್ಷಕ್ಕೊಂದು ಸಲ ಫುಲ್ ಬಾಡಿ ಚೆಕಪ್ ಬುಕ್ ಮಾಡಿ ಕಳಿಸುತ್ತಿದ್ದೆ. ಎಂಥಾ ಮಗ, ಎಷ್ಟು ಕಾಳಜಿ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರಂತೆ. ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಬಾಯಿಬಿಟ್ಟಿದ್ದೆ, ಅದರ ಬೆಲೆ ಇವತ್ತಿಗೂ ತೆರುತ್ತಿದ್ದೇನೆ. ‘ಆ ನೋ ಬಾಲ್ ಆಗಲಿಲ್ಲಂದ್ರ ನೀವು ಮಾವನ ಮಗಳನ್ನ ಮಾಡ್ಕೋತಿದ್ರಿ,’ ಎನ್ನುತ್ತಾಳೆ. ‘ನೀವು ಮಾಡಿದ ತಪ್ಪಿಗೆ ನಾ ಶಿಕ್ಷಾ ಅನುಭವಿಸಾಕತ್ತೀನಿ.’

ಆ ಮಾವನ ಮಗಳು ಈಗ ಗಂಡನ ಜೊತೆ ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದಾಳೆ. ದೊಡ್ಡವರ ಜಗಳ ದೊಡ್ಡವರಿಗೆ ಎಂದು ನಾವಿಬ್ಬರು ಫೋನಿನಲ್ಲಿ ಮಾತು ಇಟ್ಟುಕೊಂಡಿದ್ದೆವು. ಈ ಅಕ್ಟೋಬರಿನಲ್ಲಿ ಮೆಲ್ಬರ್ನಿನ ಪಶ್ಚಿಮದಲ್ಲಿ ಎರಡು ದಿನದ ಬೇಸ್‌ಬಾಲ್ ಟೂರ್ನಿ ಇದೆ, ನಮ್ಮ ಕ್ಲಬ್ ಬರುತ್ತಿದೆ ಎಂದಾಗ ಅವಳು, ‘ಮನೆಗೇ ಬಾ. ಅಪ್ಪ ಬಂದಿದಾರೆ, ವಿಸಿಟರ್ ವೀಸಾದಲ್ಲಿ. ನಿನ್ನ ವಿಡಿಯೋ ನೋಡಿದಾರೆ’ ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೊಣಕೈ ಮುಟ್ಟಿ ನೋಡಿಕೊಂಡೆ. ‘ಏನಂದರು?’ ಎಂದು ಕೇಳಿದೆ.

‘ಏನೂ ಅನ್ನಲಿಲ್ಲ. ಎರಡು ಸಲ ನೋಡಿದ್ರು.’

ಹೋಗುವುದು ಬೇಡ ಎಂದುಕೊಂಡೆ. ಆದರೆ ವಿಮಾನದ ಟಿಕೆಟ್ಟನ್ನು ಕ್ಲಬ್ಬಿನವರೇ ತೆಗೆಸಿದ್ದರು. ಬೇರೆಯವರು ಟಿಕೆಟ್ ತೆಗೆಸಿಕೊಟ್ಟ ಮೇಲೆ ಪ್ರೊಫೆಷನಲ್ ಆದವನು ಹೋಗದಿರಲು ಬರುವುದಿಲ್ಲ. ಹೆಂಡತಿ ಬ್ಯಾಗು ತುಂಬಿಕೊಡುತ್ತ, ‘ಈ ಸಲ ಹೇಳಿಬಿಡ್ರಿ. ಅವರಿಗೂ ವಯಸ್ಸಾತು, ಅತ್ತಿಗೂ ವಯಸ್ಸಾತು’ ಎಂದಳು. ಸುಮ್ಮನೆ ತಲೆಯಾಡಿಸಿದೆ.

ಮಾವ ಬಾಗಿಲು ತೆಗೆದರು. ತೆಳ್ಳಗಾಗಿದ್ದರು, ದಪ್ಪ ಗಾಜಿನ ಕನ್ನಡಕ ಬಂದಿತ್ತು. ‘ಬಾಪ್ಪ. ಪ್ರಯಾಣ ಚೆನ್ನಾಗಾಯ್ತಾ?’ ಎಂದು ಕೇಳಿ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. ಬೈದಿದ್ದರೆ ಎಷ್ಟೋ ಸುಖವಿತ್ತು. ರಾತ್ರಿಯೆಲ್ಲ ಊಟಕ್ಕೆ ಅದು ಬಡಿಸು, ಇದು ಬಡಿಸು ಎಂದು ಮಗಳಿಗೆ ಹೇಳಿದರೇ ಹೊರತು ಆಟದ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಯುಧಪೂಜೆ ಆ ವಾರದ ನಡುವೆ ಮುಗಿದಿತ್ತು, ಆದರೆ ಇಲ್ಲಿ ನಮ್ಮ ಹಬ್ಬಗಳೆಲ್ಲ ಪಂಚಾಂಗ ಬಿಟ್ಟು ವೀಕೆಂಡಿಗೆ ಬರುತ್ತವೆ. ಭಾನುವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿ ಎರಡು ಕಾರು ತೊಳೆದು ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಲ್ಯಾಪ್‌ಟಾಪು, ಮಿಕ್ಸಿ, ಏರ್ ಫ್ರೈಯರ್, ಮನೆ ಗುಡಿಸುವ ರೋಬೋಟು ಎಲ್ಲ ಸಾಲಾಗಿ ಮಣೆಯ ಮೇಲೆ ಕೂತು ಕುಂಕುಮ ಇಡಿಸಿಕೊಂಡವು. ಮಂತ್ರ ಮಾವನದು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ನಿನ್ನ ಆಯುಧ ಎಲ್ಲೋ?’ ಎಂದರು.

ಗ್ಲೌ ತಂದುಕೊಟ್ಟೆ. ಚೆಂಡು ಹಿಡಿಯುವ ಚರ್ಮದ ಕೈಗವಸು, ಅಂಗೈಗಿಂತ ಮೂರು ಪಾಲು ದೊಡ್ಡದು. ಮಾವ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಒಳಗಿನ ಗುಳಿಗೆ ಧಾರಾಳವಾಗಿ ಗಂಧ ಬಳಿದು, ಮೇಲೆ ಮೂರು ಬೆರಳಿನಿಂದ ಕುಂಕುಮ ಒತ್ತಿ, ಒಂದು ಸೇವಂತಿಗೆ ಇಟ್ಟರು. ಗ್ಲೌವನ್ನು ಕಣ್ಣಿಗೊತ್ತಿಕೊಂಡು ನನಗೆ ವಾಪಸು ಕೊಟ್ಟರು. ತಮ್ಮನ್ನು ಹೊಟ್ಟೆಕಿಚ್ಚಿನವನು ಎಂದು ಜಗತ್ತಿಗೆ ಸಾರಿದ ಹುಡುಗನ ಗ್ಲೌ ಇದು ಎಂದು ಅವರಿಗೆ ಗೊತ್ತಿತ್ತು. ಆಗಲೂ ಹೇಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಮಧ್ಯಾಹ್ನ ಫೈನಲ್. ನಾಲ್ಕನೇ ಸುತ್ತಿನವರೆಗೂ ನಾವು ಎರಡು ರನ್ ಮುಂದಿದ್ದೆವು. ಮೆಲ್ಬರ್ನಿನ ಬಿಸಿಲಿಗೆ ಬೆವರಿ ಗ್ಲೌ ಒಳಗೆಲ್ಲ ತೇವವಾಯಿತು, ಒಣಗಿದ್ದ ಗಂಧ ನೆನೆದು ಅಂಟಾಯಿತು. ಎಸೆಯುವ ಮೊದಲು ಬಲಗೈಯನ್ನು ಗ್ಲೌ ಒಳಗೆ ತೂರಿಸಿ ಚೆಂಡು ಹಿಡಿಯುವುದು ಪಿಚರುಗಳ ರೂಢಿ. ಹಾಗೆ ಹಿಡಿದಾಗ ಬೆರಳು ಚೆಂಡಿಗೆ ಕಚ್ಚಿಕೊಂಡಿತು. ಎಸೆದೆ. ಚೆಂಡು ನೆಟ್ಟಗೆ ಹೋಗಿ, ದೊಣ್ಣೆಯವನ ಮುಂದೆ ಗಕ್ಕನೆ ಕೆಳಗೆ ಬಿತ್ತು. ಅವನು ಗಾಳಿಗೆ ಬೀಸಿ ಬೆಪ್ಪಾದ. ನನ್ನ ಜನ್ಮದಲ್ಲಿ ನನ್ನ ಚೆಂಡು ಹಾಗೆ ಬಿದ್ದಿರಲಿಲ್ಲ.

ಇಲ್ಲಿ ಒಂದು ಕಾನೂನು ಹೇಳಬೇಕು. ಚೆಂಡಿಗೆ, ಕೈಗೆ, ಗ್ಲೌಗೆ ಅಂಟು, ಎಣ್ಣೆ, ಉಗುಳು ಯಾವುದನ್ನೂ ಬಳಿಯಬಾರದು. ಬಳಿದರೆ ಆಟದಿಂದ ಹೊರಗೆ. ಅಜ್ಜ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದ ಪಾಠ ಅದು. ಗಂಧ ಒರೆಸಿಕೊಳ್ಳಬೇಕಿತ್ತು. ಒರೆಸಲಿಲ್ಲ. ಮುಂದಿನ ಬಾಲಿಗೆ ಬೆರಳನ್ನು ಇನ್ನೂ ಆಳಕ್ಕೆ ಒತ್ತಿದೆ. ನಾಯಿ ಬಾಲ ನಳಿಗೆಯಲ್ಲಿಟ್ಟರೂ ಡೊಂಕೇ. ದೇವರ ಪ್ರಸಾದ, ನನ್ನ ತಪ್ಪೇನು ಎಂದು ಮನಸ್ಸಿನಲ್ಲೇ ವಾದ ಮಾಡುತ್ತ ಸಾಲಾಗಿ ಐದು ಜನರನ್ನು ಔಟ್ ಮಾಡಿದೆ.

ಆರನೆಯವನಿಗೆ ಎಸೆಯುವ ಮೊದಲು ಬೇಲಿಯ ಕಡೆ ನೋಡಿದೆ. ಉಳಿದವರೆಲ್ಲ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಮಾವ ಮಾತ್ರ ಎದ್ದು ಬಿಸಿಲಿಗೆ ಬಂದು, ಪಿಚರಿನ ಅಡ್ಡಕ್ಕೆ, ಸರಿಯಾಗಿ ಸ್ಕ್ವೇರ್ ಲೆಗ್ ಅಂಪೈರು ನಿಲ್ಲುವ ಜಾಗದಲ್ಲಿ, ಕೈ ಹಿಂದೆ ಕಟ್ಟಿ ನಿಂತಿದ್ದರು. ಅವರು ಆಟ ನೋಡುತ್ತಿರಲಿಲ್ಲ. ನನ್ನ ಮೊಣಕೈ ನೋಡುತ್ತಿದ್ದರು. ಬೆಳಿಗ್ಗೆ ಇಟ್ಟ ಕುಂಕುಮ ಅವರ ಹಣೆಯಲ್ಲಿ ಹಾಗೇ ಇತ್ತು.

ಅಷ್ಟರಲ್ಲಿ ಎದುರು ಟೀಮಿನ ಕೋಚ್ ಚೆಂಡಿನ ಮೇಲೆ ಕೆಂಪು ಗುರುತಿದೆ ಎಂದು ಕೂಗಿದ. ಅಂಪೈರು ದಿಬ್ಬಕ್ಕೆ ಬಂದರು. ಒಳ್ಳೆಯ ಮನುಷ್ಯ, ಮುಖದಲ್ಲಿ ನಗುವಿತ್ತು. ನನ್ನ ಗ್ಲೌ ಒಳಗೆ ಬೆರಳಾಡಿಸಿ, ಕೆಂಪಾದ ಬೆರಳನ್ನು ಮೂಗಿನ ಹತ್ತಿರ ಹಿಡಿದು, ‘ಏನಿದು? ಟೊಮ್ಯಾಟೊ ಸಾಸಾ?’ ಎಂದು ಕೇಳಿದರು. ಅಲ್ಲೇ ಪಕ್ಕದಲ್ಲಿ ಸಾಸೇಜು ಸುಡುತ್ತಿದ್ದರು, ಎಲ್ಲರ ಕೈಯೂ ಸಾಸೇ ಆಗಿತ್ತು. ಓಡಿಬಂದ ನಮ್ಮ ಅಜ್ಜ ಹಿಂದಿನಿಂದ ನನ್ನ ಬೆನ್ನು ತಿವಿದು, ‘ಸಾಸ್ ಅನ್ನು, ಮೇಟ್. ತೊಳ್ಕೊಂಡು ಬಾ ಅಂತಾನೆ, ಮುಗೀತು’ ಎಂದು ಪಿಸುಗುಟ್ಟಿದ.

ಒಂದು ಪದ. ಸಾಸ್ ಎಂದರೆ ಆಯಿತು. ನನ್ನ ಬಾಯಿ ಅದಕ್ಕೆ ತೆರೆದೂ ಇತ್ತು. ಬೇಲಿಯ ಹತ್ತಿರ ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಗಾಜು ಒರೆಸಿ, ಮತ್ತೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ನೋಡಿದರು. ತಮ್ಮ ಕಣ್ಣನ್ನು ತಾವೇ ನಂಬದ ಮನುಷ್ಯ ಹಾಗೆ ನೋಡುವುದು. ಅವರನ್ನು ಹಾಗೆ ಮಾಡಿದವನು ನಾನು.

‘ಸಾಸ್ ಅಲ್ಲ,’ ಎಂದೆ. ‘ಗಂಧ, ಕುಂಕುಮ. ಪೂಜೆಗೆ ಇಟ್ಟದ್ದು. ಆದರೆ ಅಂಟುತ್ತದೆ ಅಂತ ಗೊತ್ತಾದ ಮೇಲೂ ಬೇಕಂತಲೇ ಬಿಟ್ಟೆ. ಐದು ಜನ ಔಟಾದದ್ದು ಅದರಿಂದ.’

ಅಂಪೈರಿನ ನಗು ಹೋಯಿತು. ಅಷ್ಟೆಲ್ಲ ಹೇಳುವ ಅಗತ್ಯ ಇರಲಿಲ್ಲ ಎಂಬಂತೆ ನನ್ನನ್ನು ಒಂದು ಕ್ಷಣ ನೋಡಿ, ಕೈಯೆತ್ತಿ ಹೊರಗೆ ತೋರಿಸಿದರು. ಅಜ್ಜ ಟೊಪ್ಪಿ ನೆಲಕ್ಕೆ ಬಡಿದ. ಅದಾದ ಮೇಲೆ ನಮ್ಮ ಟೀಮು ಸೋತಿತು, ಅಜ್ಜ ಇವತ್ತಿಗೂ ನನ್ನನ್ನು ‘ಸಾಸ್’ ಎಂದೇ ಕರೆಯುತ್ತಾನೆ.

ಬೇಲಿ ದಾಟಿ ಬಂದೆ. ಮಾವ ಗಾಬರಿಯಾಗಿದ್ದರು. ‘ನನ್ನಿಂದ ಆಯ್ತಲ್ಲೋ. ನಾನು ಕುಂಕುಮ ಇಡಬಾರದಿತ್ತು. ಹೋಗಿ ಅವರಿಗೆ ಹೇಳ್ತೀನಿ ಇರು, ಇದು ನಮ್ಮ ಪದ್ಧತಿ ಅಂತ.’

‘ಮಾವ, ಅಂಪೈರ್ ಸರಿಯಾಗೇ ಕೊಟ್ಟಿದಾರೆ,’ ಎಂದೆ. ‘ನೀವೂ ಅವತ್ತು ಸರಿಯಾಗೇ ಕೊಟ್ರಿ. ನಾನು ಎಸೆದೆ.’

ಮಾವ ಮೈದಾನದ ಕಡೆ ತಿರುಗಿದರು. ಅಲ್ಲಿ ಇನ್ನೊಬ್ಬ ಪಿಚರ್ ಬಂದು ಕೈ ತಿರುಗಿಸಿಕೊಳ್ಳುತ್ತಿದ್ದ. ‘ಮಡಚಿದ್ದೆ, ಅಲ್ವಾ?’ ಎಂದರು ಆಮೇಲೆ, ಮೆಲ್ಲಗೆ. ‘ನನಗೆ ಕಂಡಿತ್ತು. ಕಂಡಿದ್ದು ಹೌದೋ ಅಲ್ಲವೋ ಅಂತ ಇಪ್ಪತ್ತೆರಡು ವರ್ಷ ಯೋಚನೆ ಮಾಡಿದೀನಿ ಕಣೋ. ಬಸ್ಸಿನ ನಂಬರ್ ನೋಡಿದ್ರೂ ಇನ್ನೊಬ್ಬರನ್ನ ಕೇಳಿ ಹತ್ತುತಿದ್ದೆ.’

ಕಾಲು ಮುಟ್ಟಲು ಬಗ್ಗಿದೆ. ಮಾವ ಎರಡು ಹೆಜ್ಜೆ ಹಿಂದೆ ಹೋದರು. ‘ನನಗೆ ಬೇಡ. ನಿಮ್ಮಮ್ಮನಿಗೆ ಹೇಳು. ಆಣೆ ಇಟ್ಟಿದ್ದು ಅವಳ ತಲೆ ಮೇಲೆ.’

ಮೈಸೂರಿನಲ್ಲಿ ಆಗ ಬೆಳಗಿನ ತಿಂಡಿಯ ಹೊತ್ತು. ಬೇಲಿಗೆ ಒರಗಿ, ಬೇಸ್‌ಬಾಲ್ ಸಾಕ್ಸಿನಲ್ಲೇ ನಿಂತು, ಫೋನ್ ಸ್ಪೀಕರಿಗೆ ಹಾಕಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳ ಹಿಂದೆ ಕುಕ್ಕರ್ ಎರಡು ಸಲ ಕೂಗಿತು. ಕೊನೆಗೆ ಕೇಳಿದಳು:

‘ಅವತ್ತು ನನ್ನ ತಲೆ ಮೇಲೆ ಇಟ್ಯಲ್ಲ ಕೈ. ಅದು ನೆಟ್ಟಗಿತ್ತೋ, ಸೊಟ್ಟಗಿತ್ತೋ?’

ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

‘ನಿನ್ನ ಮಾತು ಕೇಳಿ ಹುಟ್ಟಿದ ಮನೆ ಬಿಟ್ಟೆ ನಾನು,’ ಎಂದಳು ಅಮ್ಮ. ‘ಅವನ ಹತ್ರ ಇಪ್ಪತ್ತೆರಡು ವರ್ಷ ಮಾತು ಬಿಟ್ಟಿದ್ದೆ. ಇನ್ನು ನಿನ್ನ ಹತ್ರ ಬಿಡ್ತೀನಿ. ಅವನು ಅಲ್ಲೇ ಇದಾನಾ? ಫೋನ್ ಕೊಡು ಅವನಿಗೆ.’

ಕೊಟ್ಟೆ. ಮಾವ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡು ‘ಅಕ್ಕಾ’ ಎಂದರು. ಅಮ್ಮ ಎಂದಿನ ಗಡಸು ದನಿಯಲ್ಲೇ, ‘ಗೌರಿ ಹಬ್ಬ ಆಗಿ ತಿಂಗಳ ಮೇಲಾಯ್ತು. ಈ ಸಲ ಬಾಗಿನ ಯಾಕೋ ಕಳಿಸಿಲ್ಲ?’ ಎಂದಳು. ಆ ವರ್ಷ ವೀಸಾದ ಓಡಾಟದಲ್ಲಿ ಮೊದಲ ಸಲ ಕಳಿಸುವುದು ತಪ್ಪಿಹೋಗಿತ್ತು. ವರ್ಷ ವರ್ಷ ವಾಪಸು ಮಾಡುತ್ತಿದ್ದವಳು ಕಾಯುತ್ತಲೂ ಇದ್ದಳು. ಮಾವ ಬೇಲಿಯ ತಂತಿ ಹಿಡಿದು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

ಅಮ್ಮ ಹೇಳಿದ ಹಾಗೆಯೇ ಮಾಡಿದಳು. ಈಗ ಎರಡು ತಿಂಗಳಾಯಿತು, ನನ್ನ ಫೋನ್ ಎತ್ತಿಲ್ಲ. ಹೆಂಡತಿಯ ಜೊತೆ ದಿನಾ ಮಾತಾಡುತ್ತಾಳೆ, ನಾನು ಕೋಣೆಗೆ ಬಂದರೆ ಇಟ್ಟುಬಿಡುತ್ತಾಳೆ. ಬಳಗದವರು ಈ ವರ್ಷವೂ ಮಾತಾಡಲು ಕರೆದಿದ್ದರು. ನಡೆದದ್ದು ನಡೆದ ಹಾಗೆ ಹೇಳುತ್ತೇನೆ ಎಂದೆ. ಟೈಮ್ ಸ್ಲಾಟ್ ಇಲ್ಲ ಎಂದರು.

ಮಾವ ಮೈಸೂರಿಗೆ ವಾಪಸು ಹೋಗಿದ್ದಾರೆ. ಭಾನುವಾರ ಅಕ್ಕನ ಮನೆಗೆ ತಿಂಡಿಗೆ ಹೋಗುತ್ತಾರೆ, ಅಲ್ಲಿಂದಲೇ ನನಗೆ ಫೋನ್ ಮಾಡುತ್ತಾರೆ. ಹೋದ ವಾರವೂ ಮಾಡಿದ್ದರು.

‘ನಿಮ್ಮಮ್ಮ ಪಕ್ಕದಲ್ಲೇ ಇದಾಳೆ. ನಿನ್ನ ಮೊಣಕೈ ನೋವು ಹೇಗಿದೆ ಅಂತ ಕೇಳು ಅಂದ್ಲು. ತಾನು ಕೇಳಿದೆ ಅಂತ ಹೇಳಬಾರದಂತೆ.’

‘ಕಡಿಮೆ ಆಗಿದೆ ಅಂತ ಹೇಳಿ ಮಾವ,’ ಎಂದೆ. ಎಡಗೈಯಲ್ಲಿ ಅವರೆಕಾಳಿನ ಪ್ಯಾಕೆಟ್ಟು ಒತ್ತಿ ಹಿಡಿದುಕೊಂಡಿದ್ದೆ.

ಹಿಂದೆ ಏನೋ ಗದ್ದಲ ಕೇಳಿತು. ಮಾವ ಮತ್ತೆ ಲೈನಿಗೆ ಬಂದರು. ‘ನಿಜ ಹೇಳು ಅಂತಿದಾಳೆ. ಆಣೆಗೀಣೆ ಏನೂ ಇಡಬೇಡವಂತೆ.’

‘ನೋಯ್ತಾ ಇದೆ,’ ಎಂದೆ. ‘ತುಂಬಾ ನೋಯ್ತಾ ಇದೆ ಅಂತ ಹೇಳಿ.’